ಮೂರನೆಯ ಪೆಡಲ್

2023ರಲ್ಲಿ ಎರಡು ತಿಂಗಳು ನಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತೆತ್ತುವಂತಿರಲಿಲ್ಲ. ನನ್ನ ಹೆಂಡತಿ ಮಂಡ್ಯದವಳು, ಅವಳಿಗೆ ಆಷಾಢ. ಅದು ಜುಲೈ 17ಕ್ಕೆ ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಊರಿನಿಂದ ಅಮ್ಮ ಫೋನ್ ಮಾಡಿ ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಹಿಡಿಯಿತು ಎಂದರು. ನಾವು ನೆಲ್ಯಾಡಿ ಕಡೆಯವರು. ಶಿರಾಡಿ ಘಾಟಿ ಇಳಿದು, ಗುಂಡ್ಯ ದಾಟಿದ ಮೇಲೆ ಸಿಗುವ ಊರು. ಅಲ್ಲಿ ಆಟಿಯಲ್ಲಿ ಹೊಸತೆಂಬುದು ಮನೆಯ ಮೆಟ್ಟಿಲು ಹತ್ತುವುದಿಲ್ಲ. ಸಾಲದ್ದಕ್ಕೆ ಆ ವರ್ಷ ಅಧಿಕ ಶ್ರಾವಣ ಬೇರೆ ಬಂದಿತ್ತು. ಹೀಗೆ ಎರಡು ಸೀಮೆಯ ಎರಡು ಪಂಚಾಂಗಗಳು ಸೇರಿ ಆಗಸ್ಟ್ 16ರವರೆಗೆ ನನ್ನ ಕೈ ಕಟ್ಟಿಹಾಕಿದವು. ಹನ್ನೊಂದು ವರ್ಷದ ಸ್ವಿಫ್ಟ್ ಕೆಂಗೇರಿಯ ನಮ್ಮ ಮನೆಯ ಮುಂದೆ ಏನೂ ಅರಿಯದಂತೆ ನಿಂತಿತ್ತು.

ಕೈ ಕಟ್ಟಿದವನು ಓದುತ್ತಾನೆ. ಓದಿದ್ದೇ ಕೆಟ್ಟದ್ದಾಯಿತು.

ನನ್ನ ಕಣ್ಣು ಬಿದ್ದಿದ್ದದ್ದು ಹ್ಯುಂಡೈ ಐ20 ಎನ್ ಲೈನ್ ಮೇಲೆ. ಇದನ್ನು ಪರ್ಫಾರ್ಮೆನ್ಸ್ ಕಾರು ಎಂದರೆ ನಗುವವರಿದ್ದಾರೆ, ನಗಲಿ. ಎನ್ ಎಂಬ ಅಕ್ಷರ ಕೊರಿಯಾದ ನಾಮ್ಯಾಂಗ್ ಸಂಶೋಧನಾ ಕೇಂದ್ರದಿಂದಲೂ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದ ಹಾದಿಯಿಂದಲೂ ಬಂದದ್ದು. ಆ ಹೆಸರಿಗೆ ತಕ್ಕ ನಿಜವಾದ ಐ20 ಎನ್, 1.6 ಲೀಟರ್ ಟರ್ಬೊ ಎಂಜಿನ್, 204 ಪಿಎಸ್ ಶಕ್ತಿಯದು, ಯುರೋಪಿನಲ್ಲಿ ಮಾರಾಟವಾಯಿತು. ನಮ್ಮ ಕಡೆ ತಲೆಹಾಕಲಿಲ್ಲ. ನಮಗೆ ಸಿಕ್ಕಿದ್ದು ಅದರ ಅಂಗಿ ತೊಟ್ಟ ತಮ್ಮ: 998 ಸಿಸಿಯ ಮೂರು ಸಿಲಿಂಡರಿನ ಟರ್ಬೊ, 120 ಪಿಎಸ್, 172 ನ್ಯೂಟನ್ ಮೀಟರ್ ಟಾರ್ಕ್. ಜೊತೆಗೆ ಸ್ವಲ್ಪ ಬಿಗಿ ಮಾಡಿದ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಗಂಟಲು ಕೆರೆಸಿಕೊಳ್ಳುವ ಎರಡು ಬಾಯಿಯ ಸೈಲೆನ್ಸರ್. ಗೇರನ್ನು ತಾನೇ ಬದಲಿಸಿಕೊಳ್ಳುವ ಡ್ಯುಯಲ್ ಕ್ಲಚ್ ಗಾಡಿ ನೂರು ಕಿಲೋಮೀಟರ್ ವೇಗ ಮುಟ್ಟಲು 9.9 ಸೆಕೆಂಡು ಎಂದು ಕಂಪನಿಯೇ ಹೇಳುತ್ತಿತ್ತು. ಜಗತ್ತಿನ ಲೆಕ್ಕದಲ್ಲಿ ಇದೇನೂ ವೇಗವಲ್ಲ. ಆದರೆ ಹತ್ತು ಹನ್ನೆರಡು ಲಕ್ಷದಲ್ಲಿ ಓಡಿಸುವ ಸುಖಕ್ಕಾಗಿ ಕಾರು ಕೊಳ್ಳಬೇಕೆನ್ನುವವನಿಗೆ ಆ ಹೊತ್ತಿಗೆ ಅಂಗಡಿ ಬೀದಿ ಖಾಲಿಯಾಗಿತ್ತು. 2015ರಲ್ಲಿ ಬಂದ 145 ಪಿಎಸ್‌ನ ಅಬಾರ್ಥ್ ಪುಂಟೊ ಹೋಗಿ ವರ್ಷಗಳಾಗಿದ್ದವು. ಬಲೆನೊ ಆರ್‌ಎಸ್ 2020ರಲ್ಲಿ ಬಿಎಸ್6 ಹೊಗೆ ನಿಯಮದ ಹೊಸ್ತಿಲಲ್ಲೇ ನಿಂತುಹೋಯಿತು. ಪೋಲೊ 2022ರಲ್ಲಿ ಬಾಗಿಲು ಹಾಕಿತು. ಉಳಿದದ್ದು ಇದೊಂದು.

ಅದಿದ್ದುದು ಎರಡು ಬಗೆಯಲ್ಲಿ. ಶೋರೂಮಿನಲ್ಲಿ ನಿಂತಿದ್ದದ್ದು 2021ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಮಾದರಿ. ಅದರ ಹೊಸ ರೂಪ ಬರುತ್ತಿದೆಯೆಂಬ ಸುದ್ದಿಗೆ ಬಟ್ಟೆ ಸುತ್ತಿದ ಕಾರಿನ ಕಳ್ಳ ಫೋಟೊಗಳೇ ಸಾಕ್ಷಿ. ನೋಡಲು ಹೋದಾಗ ಮಾರಾಟದ ಹುಡುಗ ಮೊದಲು ತಿಂಗಳ ರಿಯಾಯಿತಿ ಹೇಳಿದ, ಆಮೇಲೆ ಎಕ್ಸ್‌ಚೇಂಜ್ ಬೋನಸ್ ಹೇಳಿದ, ಕೊನೆಗೆ ಕಾಫಿ ತರಿಸಿ ದನಿ ತಗ್ಗಿಸಿ, "ಎರಡು ತಿಂಗಳು ತಡೆಯಿರಿ ಎಂದು ನಾನು ಹೇಳಬಾರದು ಸರ್" ಎಂದ. ಮಾರಾಟದ ಕೆಲಸದಲ್ಲಿ ಇಂಥ ವಾಕ್ಯ ಸಿಗುವುದು ಅಪರೂಪ. ಅವನ ಮೇಲಿನ ಗೌರವಕ್ಕೇ ಕೊನೆಗೆ ಅವನಲ್ಲೇ ಕೊಂಡೆ.

ಅಲ್ಲಿದ್ದ ಬೂದು ಬಣ್ಣದ ಕಾರು ಏಪ್ರಿಲಿನಲ್ಲಿ ತಯಾರಾದದ್ದು. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದುನ ಅದೇ ಆಗಸ್ಟಿನಲ್ಲಿ ತಾನು "2024ರ ಕಾರು" ಕೊಂಡೆನೆಂದು ಫೋಟೊ ಕಳಿಸಿದ್ದ. ಅಲ್ಲಿ ಮಾದರಿಯ ವರ್ಷವೆಂಬುದು ಕ್ಯಾಲೆಂಡರಿಗಿಂತ ಮುಂದೆ ಓಡುತ್ತದೆ. ಬರುವ ವರ್ಷದ ಕಾರು ಈ ವರ್ಷದ ಬೇಸಿಗೆ ಮುಗಿಯುವ ಮೊದಲೇ ಮಾರಾಟಕ್ಕೆ ನಿಂತಿರುತ್ತದೆ. ಷಾಸಿ ಸಂಖ್ಯೆಯ ಹತ್ತನೆಯ ಅಕ್ಷರ ಅದನ್ನು ಹೇಳುತ್ತದೆ: 2023ಕ್ಕೆ ಪಿ, 2024ಕ್ಕೆ ಆರ್. ನಡುವಿನ ಕ್ಯೂ ಸೊನ್ನೆಯಂತೆ ಕಾಣುತ್ತದೆಂದು ಬಿಟ್ಟಿದ್ದಾರೆ. ನಮ್ಮಲ್ಲಿ ಆ ವೈಭವವಿಲ್ಲ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಡಿಸೆಂಬರ್ 31ರ ಕಾರು ಮರುದಿನ ಬೆಳಿಗ್ಗೆ ಒಂದು ವರ್ಷ ಮುದಿಯಾಗುತ್ತದೆ. ಅದರ ಮೇಲೆ ರೂಪವೂ ಬದಲಾದರೆ ಹಳೆಯ ಕಾರುಗಳ ವ್ಯಾಪಾರಿಗಳ ಬಾಯಲ್ಲಿ ಅದು "ಹಳೆಯ ಶೇಪ್". ಆ ಎರಡು ಪದಕ್ಕೆ ಮಾರುವಾಗ ತೆರಬೇಕಾದ ದಂಡವನ್ನು ಈಗ ಕೊಡುವ ರಿಯಾಯಿತಿ ತುಂಬಿಕೊಡುತ್ತದೆಯೇ ಎಂಬುದೇ ಸಾಮಾನ್ಯವಾಗಿ ಇಂಥ ಆಯ್ಕೆಯ ತಿರುಳು. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಹಳೆಯದೇ ಲಾಭ, ಮೂರು ನಾಲ್ಕು ವರ್ಷಕ್ಕೆ ಮಾರುವವನಿಗೆ ಹೊಸದು. ನಾನು ಹನ್ನೊಂದು ವರ್ಷ ಇಟ್ಟುಕೊಂಡವನು. ಲೆಕ್ಕ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಈ ಕಾರಿನಲ್ಲಿ ವಿಚಿತ್ರವೊಂದಿತ್ತು. ಹಳೆಯ ಮಾದರಿಯಲ್ಲಿ ಇದ್ದದ್ದು ಹೊಸ ತಂತ್ರ. ಹೊಸ ಮಾದರಿಯಲ್ಲಿ ಬರಲಿದ್ದದ್ದು ಹಳೆಯ ತಂತ್ರ.

2021ರ ಗಾಡಿಯಲ್ಲಿ ಗೇರ್ ಕಡ್ಡಿ ಇದೆ, ಆರು ಗೇರುಗಳಿವೆ, ಕ್ಲಚ್ ಪೆಡಲ್ ಇಲ್ಲ. ಐಎಂಟಿ ಎಂದು ಹೆಸರು. ಹ್ಯುಂಡೈ ಇದನ್ನು ಮೊದಲು 2020ರಲ್ಲಿ ವೆನ್ಯೂನಲ್ಲಿ ತಂದಿತು. ಕಡ್ಡಿಯ ಬುಡದಲ್ಲಿ ಒಂದು ಸೆನ್ಸರ್ ಕುಳಿತಿರುತ್ತದೆ. ನೀವು ಗೇರ್ ಬದಲಿಸಲು ಹೊರಟಿದ್ದೀರಿ ಎಂಬುದು ನಿಮ್ಮ ಕೈ ಕಡ್ಡಿಯನ್ನು ಒತ್ತುವ ಬಗೆಯಿಂದಲೇ ಅದಕ್ಕೆ ತಿಳಿಯುತ್ತದೆ. ಅದು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ಒಂದು ಮೋಟಾರಿಗೆ ಹೇಳುತ್ತದೆ, ಮೋಟಾರು ನಳಿಗೆಯಲ್ಲಿನ ದ್ರವವನ್ನು ಒತ್ತುತ್ತದೆ, ಆ ಒತ್ತಡ ಕ್ಲಚ್ಚನ್ನು ಬಿಡಿಸುತ್ತದೆ. ನಿಮ್ಮ ಎಡಗಾಲು ಮಾಡುತ್ತಿದ್ದ ಕೆಲಸವನ್ನು ಅಷ್ಟು ಜನ ಸೇರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತಾರೆ. ಆಲೋಚನೆ ಹೊಸದೇನಲ್ಲ. ಪೋರ್ಷೆ 1960ರ ದಶಕದ ಕೊನೆಯಲ್ಲಿ ಸ್ಪೋರ್ಟೊಮ್ಯಾಟಿಕ್ ಎಂಬ ಹೆಸರಿನಲ್ಲಿ, ಸಾಬ್ 1990ರ ದಶಕದಲ್ಲಿ ಸೆನ್ಸೋನಿಕ್ ಎಂಬ ಹೆಸರಿನಲ್ಲಿ ಇದನ್ನೇ ಮಾಡಿ ಕೈಬಿಟ್ಟಿದ್ದವು. ನಮ್ಮೂರಿಗಂತೂ ಇದು ಕಾರಿಗಿಂತ ಮೊದಲು ಬೈಕಿನಲ್ಲಿ ಬಂದಿತ್ತು. ನನ್ನ ಸೋದರಮಾವ ಹೀರೋ ಹೋಂಡಾ ಸ್ಟ್ರೀಟ್ ಕೊಂಡಿದ್ದರು. ಕಾಲಲ್ಲಿ ಗೇರ್ ಹಾಕುವುದು, ಕೈಯಲ್ಲಿ ಕ್ಲಚ್ ಇಲ್ಲ. "ಗಾಡಿ ಒಳ್ಳೆಯದೇ, ಆದರೆ ಎಡಗೈ ನೆಂಟರ ಮನೆಗೆ ಬಂದ ಹಾಗೆ ಸುಮ್ಮನೆ ಕೂತಿರುತ್ತದೆ" ಎನ್ನುತ್ತಿದ್ದರು.

ಕ್ಲಚ್ಚಿನ ವಿಷಯದಲ್ಲಿ ಮಾವನ ಮಾತಿಗೆ ನನ್ನಲ್ಲಿ ತೂಕ ಹೆಚ್ಚು. ಮಹೀಂದ್ರ ಜೀಪಿನಲ್ಲಿ ನನಗೆ ಗಾಡಿ ಕಲಿಸಿದವರು ಅವರು. ರಬ್ಬರ್ ತೋಟದ ನಡುವಿನ ಮಣ್ಣಿನ ಏರಿನಲ್ಲಿ ಜೀಪು ನಿಲ್ಲಿಸಿ, ಕೆಳಗಿಳಿದು, ಹಿಂದಿನ ಚಕ್ರಕ್ಕೆ ಒತ್ತಿ ಒಂದು ಹಸಿ ಅಡಿಕೆ ಇಡುತ್ತಿದ್ದರು. ಹ್ಯಾಂಡ್ ಬ್ರೇಕ್ ಮುಟ್ಟುವಂತಿಲ್ಲ, ಅಡಿಕೆ ಒಡೆಯದೆ ಮುಂದೆ ಹೋಗಬೇಕು. ಎಡಗಾಲನ್ನು ಕೂದಲೆಳೆಯಷ್ಟು ಎತ್ತಿದಾಗ ಜೀಪಿನ ಮೂತಿ ಸಣ್ಣಗೆ ಮೇಲೇಳುತ್ತದೆ, ಎಂಜಿನಿನ ದನಿ ಭಾರವಾಗುತ್ತದೆ; ಆ ಕ್ಷಣದಲ್ಲಿ ಬಲಗಾಲು ಬ್ರೇಕು ಬಿಟ್ಟರೂ ಜೀಪು ಅಲ್ಲೇ ತೂಗುತ್ತ ನಿಲ್ಲುತ್ತದೆ. ಹಾಫ್ ಕ್ಲಚ್ ಎಂದು ಎಲ್ಲ ಡ್ರೈವಿಂಗ್ ಶಾಲೆಯವರೂ ಹೇಳುವುದು ಅದನ್ನೇ. ಮೂರು ಸಂಜೆಗಳಲ್ಲಿ ನಾನು ಒಡೆದ ಅಡಿಕೆಗಳ ಲೆಕ್ಕ ಅತ್ತೆಗೆ ಗೊತ್ತು. ನಾಲ್ಕನೆಯ ಸಂಜೆ ಒಡೆಯಲಿಲ್ಲ. ಆಗ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಏನೋ ಒಂದು ಅರಿವು ಕುಳಿತದ್ದು ಇಂದಿಗೂ ಎದ್ದುಹೋಗಿಲ್ಲ.

ಆದ್ದರಿಂದ ಹೊಸ ಐ20 ಎನ್ ಲೈನ್‌ನಲ್ಲಿ ಐಎಂಟಿ ತೆಗೆದು ಪೂರ್ತಿ ಮ್ಯಾನುಯಲ್ ಗೇರ್‌ಬಾಕ್ಸ್ ಕೊಡುತ್ತಾರಂತೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಲವತ್ಮೂರು ವರ್ಷದ ಗಂಡಸು ಒಂದು ಪೆಡಲಿಗಾಗಿ ನಿದ್ದೆಗೆಡುವುದು ಹೇಳಿಕೊಳ್ಳುವಂಥದ್ದಲ್ಲ.

ಪೂರ್ವಗ್ರಹದಲ್ಲಿ ನಿರ್ಧಾರ ಮಾಡಬಾರದೆಂದು ಸಹೋದ್ಯೋಗಿಯೊಬ್ಬರ ಐಎಂಟಿ ಗಾಡಿಯನ್ನು ಭಾನುವಾರ ಬೇಡಿ ದೇವರಾಯನದುರ್ಗಕ್ಕೆ ಒಯ್ದೆ. ತುಮಕೂರು ಹೆದ್ದಾರಿಯಲ್ಲಿ ಆರನೆಯ ಗೇರಿನಲ್ಲಿ ಹೋಗುವಾಗ ಕ್ಲಚ್ ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಬೆಟ್ಟದ ತಿರುವಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿದೆ. ನಯವಾಗಿ ಇಳಿಯಿತು. ಒಪ್ಪಿಕೊಳ್ಳಬೇಕಾದ ಮಾತೆಂದರೆ, ನಾನು ಇಳಿಸುವುದಕ್ಕಿಂತ ನಯವಾಗಿಯೇ ಇಳಿಯಿತು. ಮತ್ತೆ ಮತ್ತೆ ಮಾಡಿ ನೋಡಿದೆ, ಎಡವುವುದೇನೋ ಎಂದು ಆಸೆಯಿಂದ. ಎಡವಲಿಲ್ಲ. ಕಡಿಮೆಯಾದದ್ದು ಎಲ್ಲಿ ಎಂದರೆ, ತುದಿಯಲ್ಲಿ ಜನಜಂಗುಳಿಯ ನಡುವೆ ಏರಿನಲ್ಲಿ ಅಂಗುಲ ಅಂಗುಲವಾಗಿ ತೆವಳುವಾಗ. ಕ್ಲಚ್ ಎಷ್ಟು ಹಿಡಿಯಬೇಕೆಂಬುದನ್ನು ಅದೇ ನಿರ್ಧರಿಸುತ್ತಿತ್ತು. ಸರಿಯಾಗಿಯೇ ನಿರ್ಧರಿಸುತ್ತಿತ್ತು. ನನ್ನ ಎಡಗಾಲು ಮಾತ್ರ ನೆಲಹಾಸಿನ ಮೇಲೆ ಅಡಿಕೆ ಹುಡುಕುತ್ತಿತ್ತು.

ಇಷ್ಟರಲ್ಲಿ ಹೆಂಡತಿ ತನ್ನ ಪಾಲಿನ ಪ್ರಶ್ನೆ ಎತ್ತಿದಳು. ವಾರದಲ್ಲಿ ಮೂರು ದಿನ ಕಾರು ಅವಳದು. ಕೆಂಗೇರಿಯಿಂದ ಜಯನಗರದ ಶಾಲೆಗೆ. "ರೀ, ನೀವು ತಿಂಗಳಿಗೊಮ್ಮೆ ಘಾಟಿ ಇಳಿಯುವುದಕ್ಕೆ ನಾನು ದಿನಾ ಮೈಸೂರು ರಸ್ತೆಯಲ್ಲಿ ಕ್ಲಚ್ ತುಳಿಯಬೇಕೇ?" ಎಂದಳು. ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಅಂಕಿಅಂಶ ಸಂಗ್ರಹಿಸುವುದು ನನ್ನ ಸ್ವಭಾವ. ಅಮ್ಮ ಮರೆತುಹೋಗಿದ್ದ ಜಪದ ಕೌಂಟರ್, ಬೆರಳಿಗೆ ಸಿಕ್ಕಿಸಿಕೊಂಡು ಒತ್ತುವಂಥದ್ದು, ಮನೆಯಲ್ಲಿತ್ತು. ಒಂದು ಗುರುವಾರ ಸಂಜೆ ಅವಳನ್ನು ಕರೆತರಲು ಹೋದವನು ಅದನ್ನು ಅವಳ ಕೈಗೆ ಕೊಟ್ಟೆ. ನಾನು ಕ್ಲಚ್ ತುಳಿದಾಗಲೆಲ್ಲ ಅವಳು ಒತ್ತಬೇಕು. ಮನೆ ಮುಟ್ಟಿದಾಗ 231 ಆಗಿತ್ತು. ಅಷ್ಟು ನಾಮ ಜಪಿಸಿದ್ದರೆ ಪುಣ್ಯವಾದರೂ ಬರುತ್ತಿತ್ತು ಎಂದು ಕೌಂಟರ್ ಹಿಂದಿರುಗಿಸಿದಳು.

ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ತೆಗೆದುಕೊಂಡರೆ ಇಬ್ಬರ ಜಗಳವೂ ಮುಗಿಯುತ್ತದಲ್ಲ ಎಂದು ನೀವು ಕೇಳಬಹುದು. ಸುಮಾರು ಒಂದು ಲಕ್ಷ ಹೆಚ್ಚು ಕೊಟ್ಟು ಗೇರ್ ಕಡ್ಡಿಯ ಕೆಲಸವನ್ನೂ ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ. ಅದು ಹಟ, ಗೊತ್ತು.

ಗಣೇಶನ ಹಬ್ಬ ಕಳೆದು ನಾಲ್ಕು ದಿನಕ್ಕೆ, ಸೆಪ್ಟೆಂಬರ್ 22ರಂದು, ಹೊಸ ಮಾದರಿ ಬಿಡುಗಡೆಯಾಯಿತು. ಎಂಜಿನ್ ಅದೇ. 120, 172, ಒಂದಂಕಿಯೂ ಆಚೀಚೆ ಆಗಿಲ್ಲ. ಬಂಪರು, ದೀಪ, ಒಂದು ಹೊಸ ಕಪ್ಪು ಬಣ್ಣ. ಇವನ್ನು ಹೊಸದೆನ್ನುವುದು ಹಳೆಯ ಗೋಡೆಗೆ ಹೊಸ ಸುಣ್ಣ ಹೊಡೆದ ಹಾಗೆ. ಐಎಂಟಿ ಹೋಗಿತ್ತು, ಮೂರು ಪೆಡಲಿನ ಆರು ಗೇರಿನ ಮ್ಯಾನುಯಲ್ ಬಂದಿತ್ತು. ಸ್ವಾರಸ್ಯವೆಂದರೆ ಅದೇ ತಿಂಗಳು ಬಂದ ಸಾಧಾರಣ ಐ20ಯಿಂದ ಟರ್ಬೊ ಎಂಜಿನ್ನನ್ನೇ ತೆಗೆದುಹಾಕಿದ್ದರು. ಅಂದರೆ ಟರ್ಬೊ ಬೇಕೆನ್ನುವವನಿಗೆ ಇನ್ನು ಎನ್ ಲೈನ್ ಒಂದೇ ದಾರಿ, ಅದರಲ್ಲಿ ಗೇರ್ ತಾನೇ ಹಾಕಬೇಕೆನ್ನುವವನಿಗೆ ಕ್ಲಚ್ ತುಳಿಯುವುದೊಂದೇ ದಾರಿ. ಕ್ಲಚ್ ಇಲ್ಲದ ಗೇರ್ ಕಡ್ಡಿಯನ್ನು ಅದರ ಸೋದರ ಕಂಪನಿ ಕಿಯಾ ತನ್ನ ದೊಡ್ಡ ಗಾಡಿಗಳಲ್ಲಿ ಉಳಿಸಿಕೊಂಡಿತು. ಅಣ್ಣ ಬಿಟ್ಟದ್ದನ್ನು ತಮ್ಮ ಹಿಡಿದುಕೊಂಡ.

ಬೆಲೆ 9.99 ಲಕ್ಷದಿಂದ ಶುರುವಾಗಿತ್ತು. ಈ ಒಂಬತ್ತುಗಳನ್ನು ಚಪ್ಪಲಿ ಅಂಗಡಿಯ ತಂತ್ರವೆಂದು ನಾವು ನಗುತ್ತೇವೆ, ಆದರೆ ಕರ್ನಾಟಕದಲ್ಲಿ ಅದಕ್ಕೆ ಅರ್ಥವಿದೆ. ನಮ್ಮಲ್ಲಿ ಕಾರಿನ ಜೀವಿತಾವಧಿ ತೆರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತು ದಾಟಿದೊಡನೆ ಶೇ 17, ಮೇಲೆ ಸೆಸ್ ಬೇರೆ. ಆರಂಭದ ಎನ್6 ದರ್ಜೆಯ ಮ್ಯಾನುಯಲ್ ಆ ಗೆರೆಯ ಈಚೆ ನಿಂತಿತ್ತು, 11.22 ಲಕ್ಷದ ಎನ್8 ಆಚೆ. ಬೆಲೆಯ ವ್ಯತ್ಯಾಸ ಒಂದೂಕಾಲು ಲಕ್ಷಕ್ಕೆ ತುಸು ಕಡಿಮೆ, ತೆರಿಗೆಯ ವ್ಯತ್ಯಾಸವೇ ಮತ್ತೆ ಅರ್ಧ ಲಕ್ಷ. ಅರ್ಧ ಲಕ್ಷ ರೂಪಾಯಿ ಸರ್ಕಾರಕ್ಕೆ ಕೊಟ್ಟು ಬೋಸ್ ಸ್ಪೀಕರಿನಲ್ಲಿ ಹಾಡು ಕೇಳುವಷ್ಟು ಸಂಗೀತ ನನ್ನಲ್ಲಿಲ್ಲ.

ಮನೆಯಲ್ಲಿ ಮಾತ್ರ ತೀರ್ಮಾನ ನಿಂತಲ್ಲೇ ನಿಂತಿತ್ತು. ರಿಯಾಯಿತಿಯ ಬೂದು ಕಾರು ಇನ್ನೂ ಇತ್ತು. ಹೊಸದು ಬಂದದ್ದರಿಂದ ರಿಯಾಯಿತಿ ಇನ್ನಷ್ಟು ಬೆಳೆದಿತ್ತು. ಹೆಂಡತಿಯ ಎಡಗಾಲು ಅದರ ಪರ, ನನ್ನದು ಇದರ ಪರ. ಶನಿವಾರ ಎರಡೂ ಕಾರುಗಳನ್ನು ಅಕ್ಕಪಕ್ಕ ನೋಡಲು ಮಗಳನ್ನೂ ಅಮ್ಮನನ್ನೂ ಕರೆದುಕೊಂಡು ಹೋದೆವು. ನಾನು ಚಾಲಕನ ಸೀಟಿನಲ್ಲಿ ಕೂತು ಮೂರನೆಯ ಪೆಡಲನ್ನು ಸುಮ್ಮನೆ ಒತ್ತಿ ಬಿಡುತ್ತಿದ್ದೆ. ಹೆಂಡತಿ ಹಿಂದಿನ ಸೀಟಿನ ನಡುವೆ ಕೂತು ಬೆಲ್ಟ್ ಎಳೆದು ನೋಡುತ್ತಿದ್ದಳು. ಹೊಸ ಗಾಡಿಯಲ್ಲಿ ಐದೂ ಸೀಟಿಗೆ ಹೆಗಲ ಮೇಲಿಂದ ಬರುವ ಮೂರು ಬಿಂದುಗಳ ಬೆಲ್ಟ್. ಹಳೆಯದರಲ್ಲಿ ನಡುವಿನವರಿಗೆ ಸೊಂಟಕ್ಕೆ ಮಾತ್ರ. ಆರು ಏರ್‌ಬ್ಯಾಗ್‌ಗಳೂ ಹೊಸದರಲ್ಲಿ ಎಲ್ಲ ದರ್ಜೆಗಳಿಗೂ ಬಂದಿದ್ದವು. ಊರಿಗೆ ಹೋಗುವಾಗ ಅಮ್ಮ ಕಿಟಕಿಯ ಬದಿ ಬೇಕೆನ್ನುತ್ತಾರೆ, ನಾದಿನಿ ಇನ್ನೊಂದು ಬದಿ. ನಡುವೆ ಕೂರುವವಳು ಮಗಳು. ಹೆಂಡತಿ ಇಳಿದು ಬಂದು, "ಇದನ್ನೇ ತೆಗೆದುಕೊಳ್ಳೋಣ" ಎಂದಳು.

ನಾನು ಕೂಡಲೇ ತಲೆಯಾಡಿಸಿದೆ. ಮಕ್ಕಳ ಸುರಕ್ಷತೆಗಿಂತ ದೊಡ್ಡದು ಯಾವುದಿದೆ ಎಂದೂ ಹೇಳಿದೆ. ಹೇಳುವಾಗ ಎಡಗಾಲು ಎಲ್ಲಿತ್ತೆಂದು ಮಾರಾಟದ ಹುಡುಗ ನೋಡಿದ. ತುಟಿ ಅಲ್ಲಾಡಿಸಲಿಲ್ಲ, ಒಳ್ಳೆಯ ಹುಡುಗ.

ಮರುದಿನವೇ ಬುಕಿಂಗ್ ಹಣ ಕೊಟ್ಟೆವು; ವಾರ ತಡೆದಿದ್ದರೆ ಪಿತೃಪಕ್ಷ ಹಿಡಿಯುತ್ತಿತ್ತು. ಅಕ್ಟೋಬರ್ 23, ಆಯುಧಪೂಜೆಯ ದಿನ ಗಾಡಿ ಕೈಗೆ ಬಂತು. ಮುಂದಿನ ಜೂನಿನಲ್ಲಿ ಟಾಟಾದವರು ಆಲ್ಟ್ರೋಜ್ ರೇಸರ್ ತಂದರು: 120 ಪಿಎಸ್, ಆರು ಗೇರಿನ ಮ್ಯಾನುಯಲ್, ಆರಂಭದ ಬೆಲೆ ಇನ್ನೂ ಕಡಿಮೆ. ಆಮೇಲೆ 2025ರ ಸೆಪ್ಟೆಂಬರ್ 22ಕ್ಕೆ, ನನ್ನ ಕಾರು ಬಿಡುಗಡೆಯಾಗಿ ಸರಿಯಾಗಿ ಎರಡು ವರ್ಷಕ್ಕೆ, ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಕಾಯುತ್ತ ಕೂತಿದ್ದರೆ ಪ್ರತಿ ಬಾರಿಯೂ ಕಾದದ್ದೇ ಸರಿಯಾಯಿತೆಂದು ಸಮಾಧಾನಪಟ್ಟುಕೊಂಡು ಇಂದಿಗೂ ಸ್ವಿಫ್ಟ್ ಓಡಿಸುತ್ತಿರುತ್ತಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲೆ ಊರಿಗೆ ಹೊರಟಿದ್ದೆ, ಒಬ್ಬನೇ. ಸಕಲೇಶಪುರದ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದೆ ಅದೇ ಗಾಡಿ ನಿಂತಿತ್ತು, ಹಳೆಯ ಶೇಪಿನದು. ಓಡಿಸುತ್ತಿದ್ದವರು ಅರವತ್ತು ದಾಟಿದ ಹೆಂಗಸು, ನಿವೃತ್ತ ಅಧ್ಯಾಪಕಿ. ಎರಡು ಎನ್ ಲೈನ್ ಒಂದೇ ಬಂಕಿನಲ್ಲಿ ಸೇರುವುದು ಅಪರೂಪವಾದ್ದರಿಂದ ಮಾತಿಗೆ ಬಂದರು. ಎಡ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ತುಳಿಯಲಾಗುತ್ತಿರಲಿಲ್ಲವಂತೆ. ಆಟೊಮ್ಯಾಟಿಕ್ ಅವರಿಗೆ ಒಗ್ಗಲಿಲ್ಲ. "ಮೂವತ್ತು ವರ್ಷ ಗೇರ್ ಹಾಕಿದ ಕೈ" ಎಂದರು. ಇಂಥದ್ದೊಂದು ಇತ್ತೆಂದು ಗೊತ್ತಾಗುವ ಹೊತ್ತಿಗೆ ಕಂಪನಿ ನಿಲ್ಲಿಸಿಬಿಟ್ಟಿತ್ತು. ಐದು ತಿಂಗಳು ಹುಡುಕಿ, ಹುಬ್ಬಳ್ಳಿಯಲ್ಲಿ 2022ರದೊಂದು ಸಿಕ್ಕಿ, ಮಗನನ್ನು ಕಳಿಸಿ ತರಿಸಿಕೊಂಡಿದ್ದರು.

"ನಿಮ್ಮದು ಹೊಸದು ಅಲ್ಲವೇ, ಒಳಗೆ ಸ್ವಲ್ಪ ನೋಡಬಹುದೇ?" ಎಂದು ಕೇಳಿ, ಬಾಗಿಲು ತೆರೆದು ಬಗ್ಗಿ ನೋಡಿದರು. ಮೂರು ಪೆಡಲ್ ಕಂಡವು.

"ಅಯ್ಯೋ, ಇದು ಹಳೆಯದು" ಎಂದರು.

ಹಣ ಕೊಟ್ಟು, ಗಾಡಿ ನ್ಯೂಟ್ರಲಿನಲ್ಲಿದೆಯೇ ಎಂದು ಕಡ್ಡಿ ಅಲ್ಲಾಡಿಸಿ ನೋಡಿ, ಶುರು ಮಾಡಿ ಹೊರಟರು. ನಾನು ಅವರ ಹಿಂದೆಯೇ ಘಾಟಿಗೆ ಇಳಿದೆ. ದೋಣಿಗಲ್ ದಾಟಿದ ಮೇಲೆ ಮಂಗಳೂರಿನ ಕಡೆಯಿಂದ ಬುಲೆಟ್ ಟ್ಯಾಂಕರುಗಳು ಸಾಲಾಗಿ ಏರುತ್ತಿದ್ದವು. ಒಂದು ತಿರುವಿನಲ್ಲಿ ಅವರ ಬ್ರೇಕಿನ ದೀಪ ಹತ್ತಿತು, ಸೈಲೆನ್ಸರ್ ಒಮ್ಮೆ ಗುಡುಗಿತು, ಮೂರರಿಂದ ಎರಡಕ್ಕೆ ಇಳಿಸಿರಬೇಕು. ನಾನೂ ಇಳಿಸಿದೆ. ಅವರದು ಎಳೆದಾಡದೆ ತಿರುಗಿತು. ನನ್ನದು ಸಣ್ಣಗೆ ಒಮ್ಮೆ ತಲೆಯಾಡಿಸಿತು.